ಮಳೆಗಾಲದ ತಟ್ಟೆ, ಘಟ್ಟದ ದಾರಿ

(ವೈದ್ಯನಾಥಪುರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿಂಷಾ ನದಿಯ ದಡದಲ್ಲಿ ಕುಳಿತು ಮಂಗಳೂರಿನ ಊಟದ ವಿಚಾರ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಆ ನಗರದ ಮಾರುಕಟ್ಟೆಯಲ್ಲಿ ಎರಡು ಬಗೆಯ ತರಕಾರಿಗಳಿವೆ: ಒಂದು ‘ಊರ ತರಕಾರಿ’, ಇನ್ನೊಂದು ‘ಘಟ್ಟದ ತರಕಾರಿ’. ಎರಡನೆಯದು ಬಯಲುಸೀಮೆಯಲ್ಲಿ ಬೆಳೆದು, ಮಲೆನಾಡನ್ನು ದಾಟಿ, ಕರಾವಳಿಗೆ ಇಳಿಯುವಂಥದು. ಆದ್ದರಿಂದ ಮಂಗಳೂರಿನ ತಟ್ಟೆ ಮೂರು ಸೀಮೆಗಳಿಗೂ ಸೇರಿದ ವಿಷಯ.

ವರ್ಷವಿಡೀ ಋತುಮಾನಕ್ಕೆ ತಕ್ಕಂತೆ ಉಣ್ಣುವುದು ಕರಾವಳಿಯ ನಗರದಲ್ಲಿ ಸಾಧ್ಯವೇ? ಎಂಟು ತಿಂಗಳು ಇದು ಕಷ್ಟವಲ್ಲ. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಹರಿವೆ, ಅಲಸಂಡೆ, ಸೌತೆ ಬೆಳೆಯುತ್ತವೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಉಡುಪಿಯ ಮಟ್ಟುಗುಳ್ಳ ಬರುತ್ತದೆ. ಬೇಸಿಗೆಗೆ ಎಳೆಯ ಹಲಸು, ಕಾಟುಮಾವು, ಪುನರ್ಪುಳಿ. ಮಳೆ ಕಳೆದ ಕಡಲಿನಲ್ಲಿ ಬೂತಾಯಿ, ಬಂಗುಡೆ.

ನಿಜವಾದ ಪರೀಕ್ಷೆ ಜೂನ್, ಜುಲೈ ತಿಂಗಳುಗಳದು. ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರನ್ನೂ ಮೀರುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಥ ಮಳೆಗೆ ಹೂವಿನ ಪರಾಗ ತೊಳೆದುಹೋಗುತ್ತದೆ, ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಶಿಲೀಂಧ್ರ ರೋಗಗಳು ಹಬ್ಬುತ್ತವೆ. ಇಳಿಜಾರಿನಲ್ಲಿ ಬಿತ್ತಿದ ಹೀರೆ, ಬೆಂಡೆ, ಮುಳ್ಳುಸೌತೆ ಕೈಗೆ ಬರುವುದು ಚೌತಿಯ ಹೊತ್ತಿಗೆ. ಮೀನಿನ ಸಂತಾನಾಭಿವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ.

ಈ ಕೊರತೆಯನ್ನು ತುಳುನಾಡಿನ ಮನೆಗಳು ಎರಡು ಬಗೆಯಲ್ಲಿ ತುಂಬಿಕೊಂಡವು. ಮೊದಲನೆಯದು ಸಂಗ್ರಹ: ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಹಪ್ಪಳ, ಮಣ್ಣು ಸವರಿಟ್ಟ ಹಲಸಿನ ಬೀಜ, ಮಾಡಿಗೆ ಕಟ್ಟಿ ತೂಗಿಬಿಟ್ಟ ಸೌತೆ, ಒಣಮೀನು. ಎರಡನೆಯದು ಮಳೆಯೇ ಕೊಡುವ ಕಾಡುಸೊಪ್ಪು: ಪತ್ರೊಡೆಗೆ ಕೆಸುವಿನ ಎಲೆ, ತಗಟೆ ಸೊಪ್ಪು, ಕಳಲೆ, ಅಣಬೆ. ಇವುಗಳ ಹಿಂದೆ ಖಚಿತವಾದ ಜ್ಞಾನವಿದೆ. ಕೆಸುವಿನ ತುರಿಕೆಯನ್ನು ಹುಣಿಸೆಯ ಹುಳಿ ತಗ್ಗಿಸುತ್ತದೆ. ಕಳಲೆಯಲ್ಲಿರುವ ಸಯನೈಡು ಅಂಶ, ಹೆಚ್ಚಿ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಬೇಯಿಸಿದ ನೀರನ್ನು ಚೆಲ್ಲಿದಾಗ ತೊಲಗುತ್ತದೆ.

ಈಗ ಆ ತಿಂಗಳುಗಳ ಕೊರತೆಯನ್ನು ತುಂಬುತ್ತಿರುವುದು ಲಾರಿ. ಲಾರಿ ನಿಂತಾಗ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. 2024ರ ಜುಲೈಯಲ್ಲಿ ಸಕಲೇಶಪುರದ ದೋಣಿಗಲ್ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. ಆ ರಸ್ತೆಗಳ ಭಾರವೆಲ್ಲ ತರಕಾರಿಯದಲ್ಲ. ಬಂದರಿನ ಸರಕೂ ಇಂಧನವೂ ಅಲ್ಲೇ ಸಾಗುತ್ತವೆ. ಆದರೂ ಗುಡ್ಡವನ್ನು ಕಡಿದು ರಸ್ತೆಯನ್ನು ಅಗಲಿಸಬೇಕೆಂಬ ವಾದಕ್ಕೆ ನಗರದ ಪ್ರತಿಯೊಂದು ಹೊಸ ಬೇಡಿಕೆಯೂ ಬಲ ಕೊಡುತ್ತದೆ. ಜುಲೈಯಲ್ಲಿಯೂ ಟೊಮೆಟೊ, ಹೂಕೋಸು ಬೇಕೆನ್ನುವ ಅಡುಗೆಮನೆಗೂ ಕುಸಿಯುವ ಗುಡ್ಡಕ್ಕೂ ಇರುವ ನಂಟು ಇದು.

ಹಾಗೆಂದು ನಗರವೆಲ್ಲ ಕಾಡಿನ ತಿನಿಸಿಗೆ ಮುಗಿಬಿದ್ದರೆ ಒಳಿತಾಗುವುದೇ? ಇಲ್ಲ. ಅಪ್ಪೆಮಿಡಿಗೆ ಪೇಟೆಯಲ್ಲಿ ಬೆಲೆ ಬಂದ ಮೇಲೆ ಹೊಳೆದಂಡೆಯ ಮರಗಳ ಕೊಂಬೆಗಳನ್ನೇ ಕಡಿದು ಕಾಯಿ ಇಳಿಸುವುದನ್ನು ಮಲೆನಾಡು ಕಂಡಿದೆ. ಒಂದು ಬಿದಿರು ಮೆಳೆಯ ಕಳಲೆಯನ್ನೆಲ್ಲ ಮುರಿದರೆ ಆ ಮೆಳೆಗೆ ಮುಂದಿನ ಗಳವಿಲ್ಲ. ಮನೆಯ ಬಳಕೆಗೆ ಸಾಲುವಷ್ಟನ್ನು ಕೊಡುವ ಕಾಡು, ಲಕ್ಷಾಂತರ ಜನರ ಪೇಟೆಗೆ ಸಾಲುವಷ್ಟನ್ನು ಕೊಡಲಾರದು.

ಆದುದರಿಂದ ನಗರ ಕೊಳ್ಳಬೇಕಾದುದು ಮೊದಲು ಸಂಗ್ರಹದ ಆಹಾರವನ್ನು. ಬೇಸಿಗೆಯಲ್ಲಿ ಮರದಡಿ ಕೊಳೆತುಹೋಗುವ ಹಲಸು ಉಪ್ಪಿನ ಸೊಳೆಯಾಗಿ, ಹಪ್ಪಳವಾಗಿ ಮಳೆಗಾಲದಲ್ಲಿ ಮಾರಾಟವಾದರೆ ಕಾಡಿಗೆ ಹಾನಿಯಿಲ್ಲ, ಹಳ್ಳಿಯ ಹೆಂಗಸರಿಗೆ ಆದಾಯವಿದೆ. ಕೆಸು, ಬಸಳೆ, ಒಂದೆಲಗ ಮುಂತಾದವನ್ನು ಹಿತ್ತಲಲ್ಲಿ ಬೆಳೆಸಿಯೇ ಮಾರಬೇಕು. ಕಾಡಿನಿಂದ ಕಿತ್ತು ತಂದಲ್ಲ.

ಈ ಸೀಮೆಯ ರೈತರಿಗೂ ಇದರಲ್ಲಿ ಪಾಠವಿದೆ. ರಾಗಿ ಹೊಲದ ಕಳೆಯೊಳಗಿನ ಅಣ್ಣೆಸೊಪ್ಪು ಮೊದಲಾದ ಬೆರಕೆ ಸೊಪ್ಪು ಬಸ್ಸಾರಿಗೆ ಒದಗುತ್ತಿತ್ತು. ಒಂದೇ ಕಬ್ಬು ಹಬ್ಬಿ ಕಳೆನಾಶಕ ಬಿದ್ದ ಕಡೆ ಆ ಸೊಪ್ಪಿಲ್ಲ. ಕಾಲುವೆಯ ನೀರು ವರ್ಷವಿಡೀ ಬೆಳೆ ಕೊಟ್ಟಿತು, ನಿಜ. ಆದರೆ ಋತುವಿನ ತಿಳಿವನ್ನು ಮರೆಸಿತು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮನೆಯ ಹಿರಿಯರನ್ನು ಕೇಳಿ, ಯಾವ ತಿಂಗಳಲ್ಲಿ ಯಾವ ಸೊಪ್ಪು, ಯಾವ ಕಾಯಿ, ಯಾವುದನ್ನು ಹೇಗೆ ಕೂಡಿಡುತ್ತಿದ್ದರು ಎಂಬ ಊರಿನ ಆಹಾರ ಪಂಚಾಂಗವೊಂದನ್ನು ಬರೆದಿಡಿ. ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಎಂಬುದನ್ನೂ ಅದರಲ್ಲಿ ಸೇರಿಸಿ. ನಗರಕ್ಕೆ ಮೊದಲು ತಲುಪಬೇಕಾದುದು ಆ ಎರಡನೆಯ ಮಾತು.