ಕೆಡವಿದವನೇ ಹೊರಲಿ
(ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಳೆಯ ಗಿರಣಿಯನ್ನು ಕೆಡವಿ ಬಹುಮಹಡಿ ಎಬ್ಬಿಸುವವನಿಗೆ ಲಾಭ ಬರುತ್ತದೆ. ಕೆಡವಿದ ಇಟ್ಟಿಗೆ, ಗಾರೆ, ಕಾಂಕ್ರೀಟಿನ ರಾಶಿ ಎಲ್ಲಿಗೆ ಹೋಗುತ್ತದೆ? ರಾತ್ರೋರಾತ್ರಿ ಲಾರಿಯೇರಿ ಕೆರೆಯಂಗಳಕ್ಕೆ, ರಾಜಕಾಲುವೆಗೆ. ಮಳೆಗಾಲದಲ್ಲಿ ಹಾದಿ ಕಾಣದ ನೀರು ನುಗ್ಗುವುದು ತಗ್ಗಿನ ಕೇರಿಗೆ, ಬೀದಿಬದಿಯ ಅಂಗಡಿಗೆ. ಲಾಭ ಒಬ್ಬನದು, ನಷ್ಟ ಊರಿನದು. ಇದು ಯಾವ ನ್ಯಾಯ?

ಕೇಂದ್ರ ಪರಿಸರ ಸಚಿವಾಲಯವು ೨೦೨೫ರಲ್ಲಿ ಹೊರಡಿಸಿದ ನಿಯಮಗಳು ಈ ಹೊರೆಯನ್ನು ಕಟ್ಟಿಸುವವನ ಹೆಗಲಿಗೇ ಏರಿಸಿವೆ. ಅವು ಜಾರಿಗೆ ಬರುವ ದಿನ ೨೦೨೬ರ ಏಪ್ರಿಲ್ ೧. ೨೦,೦೦೦ ಚದರ ಮೀಟರ್, ಎಂದರೆ ಸುಮಾರು ೨,೧೫,೦೦೦ ಚದರ ಅಡಿ, ಅಥವಾ ಅದಕ್ಕೆ ಮೀರಿದ ಕಟ್ಟಡದ ಧಣಿ ಹೆಸರು ನೋಂದಾಯಿಸಬೇಕು. ಕಟ್ಟಡದ ಕಸದಲ್ಲಿ ಗೊತ್ತುಪಡಿಸಿದ ಪಾಲು ಮರುಬಳಕೆಯಾಯಿತೆಂಬ ಪ್ರಮಾಣಪತ್ರ ಒಪ್ಪಿಸಬೇಕು. ಅಂಥ ಜಲ್ಲಿ ಕೀಳು ಮಾಲೆಂದು ಮೂಗು ಮುರಿಯುವಂತಿಲ್ಲ. ಸಾದಾ ಕಾಂಕ್ರೀಟಿನಲ್ಲಿ ಶೇ. ೨೫ರವರೆಗೆ ಅದನ್ನು ಬೆರೆಸಬಹುದೆಂದು ಭಾರತೀಯ ಮಾನಕ ಬ್ಯೂರೋ ೨೦೧೬ರಲ್ಲೇ ಒಪ್ಪಿದೆ.

ತತ್ವ ಸರಿ. ಆದರೆ ಪ್ರಮಾಣಪತ್ರವನ್ನು ಮರುಬಳಕೆ ಮಾಡುವವರಿಂದ ದುಡ್ಡು ಕೊಟ್ಟು ಕೊಳ್ಳಬಹುದು. ಕಾಗದದಲ್ಲಿ ಪುಡಿಯಾದ ಕಲ್ಲು ಕೆರೆಯಲ್ಲಿ ಹಾಗೆಯೇ ಬಿದ್ದಿದ್ದರೆ ಕಾನೂನಿನಿಂದ ಫಲವೇನು? ಕೆರೆಯ ದಡದಲ್ಲಿ ನಿಂತು ನೋಡುವ ಕಣ್ಣು ನಮ್ಮದಾಗಬೇಕು.

ಒಂದು ಗೋಡೆ ಕೆಡವಿಸುವ ಅಂಗಡಿಕಾರನಿಗೆ ಈ ನೋಂದಣಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಹಾಗೆಂದು ನಮ್ಮ ಬುಟ್ಟಿಯ ಚೂರನ್ನು ಚರಂಡಿಗೆ ಸುರಿಯುವುದೂ ಬೇಡ. ಅದನ್ನು ಹಾಕಲು ನಗರಸಭೆ ಜಾಗ ಗೊತ್ತುಮಾಡಲಿ. ಮಾಡಿಲ್ಲವೆ? ಒಟ್ಟಾಗಿ ಹೋಗಿ ಕೇಳೋಣ.