ಅವಳ ಬರ್ತ್‌ಡೇಗೆ ಹರಳಿನ ಉಂಗುರ: ತಗೊಳ್ಳೋ ಮೊದಲು ಇಷ್ಟು ಕೇಳ್ರಿ

ಇವತ್ತಿನ ಮಾತು ಹರಳಿನ ಬಗ್ಗೆ. ಪ್ರೀತಿಸಿದವರ ಹುಟ್ಟುಹಬ್ಬಕ್ಕೆ ಹರಳಿನ ಉಂಗುರ ಕೊಡಬೇಕು ಅನ್ನೋ ಆಸೆ ಭಾಳ ಮಂದಿಗೆ ಇರ್ತದೆ. ಆಸೆ ಚಲೋನ. ಆದರೆ ರೊಕ್ಕ ಕೊಡೋ ಮೊದಲು ನಾಲ್ಕು ಪ್ರಶ್ನೆ ಕೇಳಲೇಬೇಕು.

ನಮ್ಮ ಸವಡಿಯಂಥ ಊರಿನ ಒಬ್ಬ ಹುಡುಗನ್ನ ಕಣ್ಣ ಮುಂದೆ ತಂದುಕೊಳ್ರಿ. ಹೆಸರು, ಉಳ್ಳಾಗಡ್ಡಿ ಮಾರಿ ಕೈಯಾಗ ಒಂದಿಷ್ಟು ರೊಕ್ಕ ಉಳಿದೈತಿ. ಮದುವಿ ನಿಶ್ಚೆ ಆಗೇತಿ. ಹುಡುಗಿ ಹುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಮೊಬೈಲ್‌ನಲ್ಲಿ ಹುಡುಕಿದರೆ ‘ಸೆಪ್ಟೆಂಬರ್ ಬರ್ತ್‌ಸ್ಟೋನ್, ನೀಲ’ ಅಂತ ಬರುತ್ತದೆ. ಆರ್ಡರ್ ಮಾಡ್ತಾನ. ಉಂಗುರ ಬಂದ ದಿನ ಹುಡುಗಿಯ ಅಜ್ಜಿ ಕೇಳ್ತಾಳ: “ಯವ್ವಾ, ನೀಲ ಅಂದ್ರ ಶನಿ ಹರಳು. ಯಾರನ್ನ ಕೇಳಿ ಹಾಕ್ಕೊಂಡಿ?” ಅಲ್ಲಿಗೆ ಉಂಗುರ ಡಬ್ಬಿಯೊಳಗ, ಡಬ್ಬಿ ಟ್ರಂಕಿನೊಳಗ.

ಇಲ್ಲಿ ಯಾರದೂ ತಪ್ಪಿಲ್ಲ. ಎರಡು ಬೇರೆ ಬೇರೆ ಪಟ್ಟಿಗಳು ಒಂದಕ್ಕೊಂದು ಡಿಕ್ಕಿ ಹೊಡೆದಾವ, ಅಷ್ಟ. ಒಂದು ನಮ್ಮ ನವರತ್ನದ ಪಟ್ಟಿ. ಅದು ಗ್ರಹಗಳ ಲೆಕ್ಕ: ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಮಂಗಳನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಇನ್ನೊಂದು ಮೊಬೈಲ್‌ನಲ್ಲಿ ಸಿಗೋ ತಿಂಗಳ ಪಟ್ಟಿ. ತಿಂಗಳಿಗೊಂದು ಹರಳು ಅನ್ನೋ ರೂಢಿ ಹಳೇದು. ಆದರೆ ಈಗ ಚಾಲ್ತಿಯಲ್ಲಿರೋ ಪಟ್ಟಿಯನ್ನ ಗೊತ್ತು ಮಾಡಿದ್ದು 1912ರಲ್ಲಿ, ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. ಟಾಂಜಾನಿಯಾದಲ್ಲಿ 1967ರಲ್ಲಿ ಸಿಕ್ಕ ಟಾಂಜನೈಟ್ ಅನ್ನೋ ಹೊಸ ಹರಳನ್ನ 2002ರಲ್ಲಿ ಡಿಸೆಂಬರ್‌ಗೆ ಸೇರಿಸಿದ್ದೂ ವ್ಯಾಪಾರಿಗಳೇ. ಅಂದ್ರ ಅದು ಶಾಸ್ತ್ರ ಅಲ್ಲ, ಅಂಗಡಿಯ ಪಟ್ಟಿ. ಅದನ್ನ ಪಾಲಿಸದಿದ್ದರೆ ಯಾವ ದೋಷವೂ ಇಲ್ಲ.

ಹಂಗಾಗಿ ಮೊದಲ ಪ್ರಶ್ನೆಯನ್ನ ಅಂಗಡಿಯವರಿಗಲ್ಲ, ಅವಳಿಗೇ ಕೇಳ್ರಿ: “ನಿನಗ ಯಾವ ಬಣ್ಣ ಇಷ್ಟ? ನಿಮ್ಮ ಮನ್ಯಾಗ ಯಾವುದಾದರೂ ಹರಳು ಬ್ಯಾಡ ಅಂತಾರೇನು?” ಸರ್‌ಪ್ರೈಸ್ ಸ್ವಲ್ಪ ಕಡಿಮೆ ಆಗಬಹುದು, ಉಂಗುರ ಟ್ರಂಕು ಸೇರೋದು ತಪ್ಪುತ್ತದೆ. ನೀಲಿ ಬಣ್ಣ ಬೇಕು, ನೀಲ ಬ್ಯಾಡ ಅಂದ್ರ ನೀಲಿ ಟೋಪಾಜ್ ಇದೆ. ಪೇಟೆಯಲ್ಲಿ ಸಿಗೋ ನೀಲಿ ಟೋಪಾಜ್ ಹೆಚ್ಚಾಗಿ ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಹಾಯಿಸಿ ಬಣ್ಣ ಬರಿಸಿದ್ದು. ಬೆಲೆ ನೀಲಕ್ಕಿಂತ ಎಷ್ಟೋ ಕಡಿಮೆ.

ಎರಡನೇ ಪ್ರಶ್ನೆ ಅಂಗಡಿಯವರಿಗೆ: ಇದು ನಿಜಕ್ಕೂ ಏನು? ಕೆಂಪು ಹರಳು ಅಂದ್ರೆಲ್ಲಾ ಒಂದೇ ಅಲ್ಲ. ಭೂಮಿಯಿಂದ ಬಂದ ಮಾಣಿಕ್ಯ ಒಂದು. ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ ಇನ್ನೊಂದು. ಫ್ರಾನ್ಸಿನ ವೆರ್ನೂಯಿ ಆ ವಿಧಾನವನ್ನ 1902ರಲ್ಲೇ ಪ್ರಕಟಿಸಿದ್ದ. ಅದು ಗಾಜಲ್ಲ, ರಾಸಾಯನಿಕವಾಗಿ ಮಾಣಿಕ್ಯವೇ, ಬೆಲೆ ಮಾತ್ರ ಭಾಳ ಕಡಿಮೆ. ಮೂರನೇದು ಬಿರುಕು ತುಂಬಿದ ಕಲ್ಲಿನೊಳಗೆ ಸೀಸದ ಗಾಜು ಕರಗಿಸಿ ತುಂಬಿದ್ದು. ನೋಡೋಕೆ ಫಳಫಳ. ಆದರೆ ಲಿಂಬಿಹಣ್ಣಿನ ರಸ ತಾಗಿದರೂ ಆ ಗಾಜು ಹಾಳಾಗಬಹುದು. ಉಂಗುರ ದೊಡ್ಡದು ಮಾಡಿಸೋಕೆ ಪತ್ತಾರರ ಹತ್ತಿರ ಒಯ್ದರೆ ಬೆಂಕಿಯ ಕಾವು, ಆಸಿಡ್ ಎರಡನ್ನೂ ಅದು ತಡೆಯೋದಿಲ್ಲ. ನಾಲ್ಕನೇದು ಬರೀ ಬಣ್ಣದ ಗಾಜು.

ಲ್ಯಾಬ್‌ನಲ್ಲಿ ಬೆಳೆಸಿದ್ದು ಅಂದ ಕೂಡಲೇ ಮುಖ ಸಣ್ಣದು ಮಾಡಿಕೊಳ್ಳಬ್ಯಾಡ್ರಿ. 2023ರಲ್ಲಿ ಪ್ರಧಾನಿ ಮೋದಿ ಅವರು ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್ ವಜ್ರ ಲ್ಯಾಬ್‌ನದ್ದೇ. ಅದನ್ನ ಲ್ಯಾಬ್ ವಜ್ರ ಅಂತ ಹೇಳಿಯೇ ಕೊಟ್ಟರು. ಕಡಿಮೆ ಬೆಲೆಯ ಹರಳು ಕೊಡೋದರಾಗ ನಾಚಿಕೆ ಇಲ್ಲ. ಗಾಜು ತುಂಬಿದ್ದನ್ನ ಅಸಲಿ ಮಾಣಿಕ್ಯ ಅಂತ ಕೊಟ್ಟು, ನಾಳೆ ಪತ್ತಾರರ ಬಾಯಿಂದ ಅವಳಿಗೆ ಗೊತ್ತಾದರೆ ಒಡೆಯೋದು ಹರಳಷ್ಟೇ ಅಲ್ಲ. ಸಂಬಂಧದ ಮೊದಲ ಉಡುಗೊರೆಯೇ ಸುಳ್ಳಿನ ಮೇಲೆ ನಿಲ್ಲಬಾರದು.

ಮೂರನೇ ಪ್ರಶ್ನೆ: ಅವಳು ದಿನಾ ಏನು ಕೆಲಸ ಮಾಡ್ತಾಳ? ಹರಳಿನ ಗಟ್ಟಿತನ ಅಳೆಯೋಕೆ ಮೋಸ್ ಮಾಪಕ ಅಂತ ಇದೆ, 1ರಿಂದ 10. ವಜ್ರ 10, ಮಾಣಿಕ್ಯ ಮತ್ತು ನೀಲ 9, ಟೋಪಾಜ್ 8, ನೇರಳೆ ಬಣ್ಣದ ಅಮೆಥಿಸ್ಟ್ 7. ಹವಳ 3ರಿಂದ 4, ಮುತ್ತು ಸುಮಾರು 2.5. ಗಾಳಿಯ ಧೂಳಿನಲ್ಲಿರೋ ಕ್ವಾರ್ಟ್ಜ್ ಕಣಗಳ ಗಟ್ಟಿತನ 7. ಅದಕ್ಕಿಂತ ಮೆತ್ತಗಿನ ಹರಳನ್ನ ಧೂಳು ಒರೆಸುವಾಗಲೇ ಗೀರು ಬೀಳುತ್ತದೆ. ಪಾತ್ರೆ ತಿಕ್ಕುವ, ಹೊಲದಾಗ ಕಳೆ ತೆಗೆಯುವ ಕೈಗೆ ಮುತ್ತಿನ ಉಂಗುರ ಕೊಟ್ಟರೆ ವರ್ಷದೊಳಗೆ ಹೊಳಪು ಹೋಗಬಹುದು. ಅದೇ ಮುತ್ತು ಕಿವಿಯಲ್ಲಿ ಇದ್ದರೆ ಭಾಳ ದಿನ ಬಾಳುತ್ತದೆ; ಸೆಂಟು ಹೊಡಕೊಂಡು ಆದಮೇಲೆ ಹಾಕ್ಕೋಬೇಕು, ಅಷ್ಟ. ಪಚ್ಚೆ ಗಟ್ಟಿ ಇದ್ದರೂ ಅದರೊಳಗೆ ಸಣ್ಣ ಬಿರುಕು ಸಾಮಾನ್ಯ, ಅದಕ್ಕೆ ಎಣ್ಣೆ ತುಂಬಿರುತ್ತಾರೆ. ಬಿಸಿನೀರಲ್ಲಿ ತೊಳೆಯಬಾರದು.

ಇನ್ನೊಂದು ಮಾತು. ಊರಲ್ಲಿ ಉಂಗುರ ಅಂದ್ರ ನಾಲ್ಕು ಮಂದಿ ಅರ್ಥ ಹುಡುಕ್ತಾರ. ಮನೆಯವರಿಗೆ ಇನ್ನೂ ಹೇಳಿರದಿದ್ದರೆ ಅದರ ಭಾರ ಬೀಳೋದು ಅವಳ ಮೇಲೆ. ಅಂಥವರಿಗೆ ಸಣ್ಣ ಹರಳಿನ ಕಿವಿಯೋಲೆ, ಪೆಂಡೆಂಟ್ ಚಲೋ. ಬೆರಳಿನ ಅಳತೆಯ ತಂಟೆಯೂ ಇಲ್ಲ.

ನಾಲ್ಕನೇದು ರೊಕ್ಕದ ಪ್ರಶ್ನೆ: ಬಿಲ್ಲಿನಾಗ ಏನು ಬರೀತೀರಿ? ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಬಂಗಾರ ಬ್ಯಾಂಕಿಗೆ ಅಡಾ ಹೋಗೋದು ಎಲ್ಲರಿಗೂ ಗೊತ್ತು. ಅಲ್ಲಿ ಹರಳಿನ ತೂಕ ಕಳೆದು ಬಂಗಾರಕ್ಕಷ್ಟೇ ಸಾಲ ಕೊಡ್ತಾರ. ಎಷ್ಟೇ ದುಬಾರಿ ಹರಳಿದ್ದರೂ ಸಾಲದ ಲೆಕ್ಕದಾಗ ಅದು ಸೊನ್ನೆ. ಅದಕ್ಕೇ ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಹರಳಿನ ತೂಕ, ಹರಳಿನ ಬೆಲೆ, ಮಜೂರಿ ಬೇರೆ ಬೇರೆ ಬರೆಸಿಕೊಳ್ರಿ. ಹರಳಿನ ಹೆಸರಿನ ಮುಂದೆ ನೈಸರ್ಗಿಕವೋ, ಲ್ಯಾಬ್‌ನದ್ದೋ, ಏನಾದರೂ ತುಂಬಿದ್ದೋ ಅಂತಲೂ ಬರೆಸಿ. ರತ್ತಿ ಲೆಕ್ಕ ಅಂಗಡಿಗೊಂದು ತರ ಇರಬಹುದು, ಕ್ಯಾರೆಟ್‌ನಲ್ಲಿ ಕೇಳ್ರಿ. ಹರಳಿನ 5 ಕ್ಯಾರೆಟ್ ಅಂದ್ರ 1 ಗ್ರಾಂ.

ಹಾಲ್‌ಮಾರ್ಕ್ ಇದೆ, ಇನ್ನೇನು ಭಯ ಅಂತೀರಾ? 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಬಂಗಾರಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆದರೆ ಅದು ಹೇಳೋದು ಬಂಗಾರದ ಶುದ್ಧತೆ ಮಾತ್ರ, ಹರಳಿನ ಬಗ್ಗೆ ಒಂದಕ್ಷರವೂ ಇಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕೂ ಕಡ್ಡಾಯವಲ್ಲ. ಸಣ್ಣ ಮೂಗುತಿ ತಗೊಂಡರೂ ಬಿಲ್ಲು ಬಿಡಬ್ಯಾಡ್ರಿ. ದುಬಾರಿ ಹರಳಾದರೆ ರತ್ನ ಪರೀಕ್ಷಾ ಲ್ಯಾಬ್‌ನ ವರದಿಯನ್ನೂ ಕೇಳ್ರಿ.

ರತ್ನ ಕೊಡೋದು ನಮ್ಮ ಗದಗ ಸೀಮೆಗೆ ಹೊಸದೇನಲ್ಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ರತ್ನ ಕೂರಿಸಿದ 1500 ಜಿನಬಿಂಬಗಳನ್ನ ಮಾಡಿಸಿ ಕೊಟ್ಟಳು ಅಂತಾರೆ. ಅವಳಿಗೆ ಬಂದ ಬಿರುದು ದಾನಚಿಂತಾಮಣಿ. ಬೇಡಿದ್ದನ್ನ ಕೊಡುವ ಮಣಿಯ ಹೆಸರು ಸಂದಿದ್ದು ಕೊಟ್ಟವಳಿಗೆ.

ನಿಮ್ಮ ಬಜೆಟ್ ಎರಡು ಸಾವಿರ ಇರಲಿ, ಇಪ್ಪತ್ತು ಸಾವಿರ ಇರಲಿ, ಬೆಳ್ಳಿಯಲ್ಲಿ ಕೂರಿಸಿದ ಅಮೆಥಿಸ್ಟ್ ಆದರೂ ಸರಿ. ಸಾಲ ಮಾತ್ರ ಮಾಡಬ್ಯಾಡ್ರಿ. ಕೊಡುವಾಗ ಬಿಲ್ಲನ್ನೂ ಅವಳ ಕೈಗೇ ಕೊಡ್ರಿ. ಅದು ಅವಳ ಒಡವಿ, ಅದೇನು ಅಂತ ಅವಳಿಗೆ ಗೊತ್ತಿರಬೇಕು. ಮದುವಿ ಸೀಸನ್‌ನಲ್ಲಿ ಅಂಗಡಿಗೆ ಹೊರಟ ಗೆಳೆಯರಿದ್ದರೆ ಈ ಮಾತು ಅವರಿಗೂ ಕಳಿಸ್ರಿ.