ವಲಸಿಗರು, ಪೊಲೀಸ್ ಠಾಣೆ ಮತ್ತು ನೆರೆಹೊರೆಯ ನಂಬಿಕೆ



ಅಮೆರಿಕದ ಇಂದಿನ ರಾಜಕಾರಣದಲ್ಲಿ ವಲಸೆಯ ಮಾತು ಬಂದರೆ ಅದರ ಬೆನ್ನಿಗೇ ಅಪರಾಧದ ಮಾತೂ ಬರುತ್ತದೆ. 2024ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಸಾಮೂಹಿಕ ಗಡೀಪಾರಿನ ಭರವಸೆ ಕೊಟ್ಟು ಗೆದ್ದರು. 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಅವರ ಸರ್ಕಾರ ಶಾಲೆ, ಚರ್ಚು, ಆಸ್ಪತ್ರೆಗಳಲ್ಲಿ ವಲಸಿಗರನ್ನು ಬಂಧಿಸುವುದರ ಮೇಲಿದ್ದ ನಿರ್ಬಂಧವನ್ನು ತೆಗೆದುಹಾಕಿತು. ಇದಕ್ಕೆಲ್ಲ ಕೊಟ್ಟ ಸಮರ್ಥನೆ ಜನರ ಸುರಕ್ಷತೆ. ಸಮಾಜಶಾಸ್ತ್ರದ ನೂರು ವರ್ಷಗಳ ಸಂಶೋಧನೆಯನ್ನು ಓದಿದವರಿಗೆ ಈ ಸಮರ್ಥನೆ ಬುಡದಲ್ಲೇ ಸಡಿಲವಾಗಿ ಕಾಣುತ್ತದೆ. ಒಂದು ಬೀದಿಯ ಜನ ಒಬ್ಬರನ್ನೊಬ್ಬರು ನಂಬಿದಾಗ, ಅಗತ್ಯ ಬಿದ್ದರೆ ಅಳುಕದೆ ಠಾಣೆಗೆ ಹೋಗಬಲ್ಲವರಾದಾಗ ಸುರಕ್ಷತೆ ಹುಟ್ಟುತ್ತದೆ. ಹೊಸಬರನ್ನು ಹೆದರಿಸುವ ನೀತಿ ಆ ನಂಬಿಕೆಯನ್ನೇ ಕೆಡಿಸುತ್ತದೆ, ಅದರ ನಷ್ಟವನ್ನು ಹಳಬರೂ ಉಣ್ಣುತ್ತಾರೆ ಎಂಬುದು ನನ್ನ ವಾದ.

ವಲಸಿಗರು ಅಪರಾಧ ತರುತ್ತಾರೆಂಬ ಆರೋಪ ಹೊಸದಲ್ಲ. ಇಟಲಿ, ಪೋಲೆಂಡ್, ಐರ್ಲೆಂಡಿನಿಂದ ಬಂದವರ ಮೇಲೂ ಒಂದು ಕಾಲಕ್ಕೆ ಇದೇ ಮಾತಿತ್ತು. ಅಧ್ಯಕ್ಷ ಹೂವರ್ ನೇಮಿಸಿದ ವಿಕರ್‌ಶ್ಯಾಮ್ ಆಯೋಗ 1931ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ ವಿದೇಶದಲ್ಲಿ ಹುಟ್ಟಿದವರ ಅಪರಾಧ ಅಲ್ಲಿಯೇ ಹುಟ್ಟಿದವರಿಗಿಂತ ಕಡಿಮೆಯೆಂದು ಕಂಡಿತು. ಅದೇ ಕಾಲದಲ್ಲಿ ಸಮಾಜಶಾಸ್ತ್ರಜ್ಞರಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಶಿಕಾಗೋದ ಬಾಲಾಪರಾಧಿ ನ್ಯಾಯಾಲಯದ ದಶಕಗಳ ದಾಖಲೆಗಳನ್ನು ನಗರದ ನಕ್ಷೆಯ ಮೇಲೆ ಗುರುತಿಸತೊಡಗಿದ್ದರು. ಕಾರ್ಖಾನೆಗಳ ಸುತ್ತಲಿನ ಬಡ ಬಡಾವಣೆಗಳಲ್ಲಿ ಒಂದು ಜನಾಂಗ ಹೋಗಿ ಇನ್ನೊಂದು ಬಂದರೂ ಅಪರಾಧದ ಪ್ರಮಾಣ ಅಲ್ಲಿಯೇ ಉಳಿಯುತ್ತಿತ್ತು. ಅಲ್ಲಿಂದ ಹೊರಬಿದ್ದು ಒಳ್ಳೆಯ ಬಡಾವಣೆ ಸೇರಿದವರ ಮಕ್ಕಳಲ್ಲಿ ಅದು ಇಳಿಯುತ್ತಿತ್ತು. ಅಪರಾಧದ ಮೂಲವನ್ನು ರಕ್ತದಲ್ಲಿ ಹುಡುಕುತ್ತಿದ್ದವರಿಗೆ ಆ ನಕ್ಷೆಗಳು ಕೊಟ್ಟ ಉತ್ತರ ನನ್ನ ದೃಷ್ಟಿಯಲ್ಲಿ ಇಂದಿಗೂ ಮಾಸಿಲ್ಲ.

ಅದೇ ನಗರದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಹೋದ್ಯೋಗಿಗಳು 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತನಾಡಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳು ಶಾಲೆ ತಪ್ಪಿಸಿ ಬೀದಿಯಲ್ಲಿ ನಿಂತಿದ್ದರೆ ನೆರೆಯವರು ಗದರುತ್ತಾರೆಯೇ, ಜಗಳವಾದರೆ ಬಿಡಿಸಲು ಬರುತ್ತಾರೆಯೇ ಎಂಬಂಥ ಪ್ರಶ್ನೆಗಳು. ‘ಬರುತ್ತಾರೆ’ ಎಂಬ ಉತ್ತರ ಹೆಚ್ಚಿದ್ದ ಕಡೆ, ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸೆ ಕಡಿಮೆಯಿತ್ತು. 2005ರ ಅವರ ಇನ್ನೊಂದು ಅಧ್ಯಯನದಲ್ಲಿ ವಲಸೆ ಬಂದ ಮೊದಲ ತಲೆಮಾರಿನವರು ಹಿಂಸೆಗಿಳಿಯುವ ಸಂಭವ ಮೂರನೆಯ ತಲೆಮಾರಿನವರಿಗಿಂತ ಶೇ. 45ರಷ್ಟು ಕಡಿಮೆಯೆಂದು ಕಂಡಿತು. ಇಡೀ ದೇಶದ ಚಿತ್ರವೂ ಇದಕ್ಕೆ ಹೊಂದುತ್ತದೆ. 1990ರಲ್ಲಿ ಎರಡು ಕೋಟಿಯ ಆಸುಪಾಸಿನಲ್ಲಿದ್ದ ವಿದೇಶದಲ್ಲಿ ಹುಟ್ಟಿದವರು 2014ರ ಹೊತ್ತಿಗೆ ನಾಲ್ಕು ಕೋಟಿ ದಾಟಿದರು. ಅದೇ ಅವಧಿಯಲ್ಲಿ ಕೊಲೆಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ವಲಸಿಗರಿಂದಲೇ ಇಳಿಯಿತು ಎಂದು ನಾನು ಹೇಳುವುದಿಲ್ಲ, ಕಾರಣಗಳು ಹಲವು. ಆದರೆ ವಲಸೆಯಿಂದ ಅಪರಾಧ ಹೆಚ್ಚುತ್ತದೆ ಎನ್ನುವವರು ಈ ಕಾಲು ಶತಮಾನಕ್ಕೆ ಏನಾದರೂ ವಿವರಣೆ ಕೊಡಬೇಕಾಗುತ್ತದೆ.

ಕಾನೂನುಬದ್ಧವಾಗಿ ಬಂದವರ ವಿಚಾರ ಸರಿ, ದಾಖಲೆಯಿಲ್ಲದೆ ನುಸುಳಿದವರ ಕಥೆಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಬಂಧಿತರ ವಲಸೆ ಸ್ಥಿತಿಯನ್ನು ಪರಿಶೀಲಿಸಿ ದಾಖಲಿಸುವ ಟೆಕ್ಸಾಸ್ ರಾಜ್ಯದ ಅಂಕಿ ಅಂಶಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸಾತ್ಮಕ ಅಪರಾಧಗಳಿಗಾಗಿ ಬಂಧನಕ್ಕೊಳಗಾಗುವ ಪ್ರಮಾಣ ದಾಖಲೆಯಿಲ್ಲದವರಿಗಿಂತ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳಲ್ಲಿ ಎರಡು ಪಟ್ಟಿಗೂ ಹೆಚ್ಚು. ಇಂಥವರನ್ನು ಹಿಡಿದು ಹೊರಹಾಕಿದರೆ ಅಪರಾಧ ಇಳಿಯುತ್ತದೆಯೇ ಎಂಬುದಕ್ಕೂ ಉತ್ತರವಿದೆ. 2008ರಲ್ಲಿ ಶುರುವಾದ ‘ಸೆಕ್ಯೂರ್ ಕಮ್ಯುನಿಟೀಸ್’ ಯೋಜನೆ ಬಂಧಿತರ ಬೆರಳಚ್ಚುಗಳನ್ನು ವಲಸೆ ಇಲಾಖೆಗೆ ಕಳಿಸಿ ಲಕ್ಷಾಂತರ ಜನರನ್ನು ವಶಕ್ಕೆ ತೆಗೆದುಕೊಳ್ಳಲು ನೆರವಾಯಿತು. ಜಿಲ್ಲೆ ಜಿಲ್ಲೆಗೆ ಬೇರೆ ಬೇರೆ ಸಮಯದಲ್ಲಿ ಜಾರಿಯಾದದ್ದರಿಂದ ಅದರ ಪರಿಣಾಮವನ್ನು ಅಳೆಯುವುದು ಸಾಧ್ಯವಾಯಿತು. ಅಳೆದು ನೋಡಿದವರಿಗೆ ಅಪರಾಧ ಇಳಿದ ಗುರುತು ಸಿಗಲಿಲ್ಲ.

ಭಯ ಏನು ಮಾಡುತ್ತದೆ ಎಂಬುದಕ್ಕೆ ಹ್ಯೂಸ್ಟನ್ ನಗರದ ಉದಾಹರಣೆಯಿದೆ. ಗಡೀಪಾರಿನ ಸದ್ದು ಜೋರಾಗಿದ್ದ 2017ರ ಮೊದಲ ಮೂರು ತಿಂಗಳಲ್ಲಿ ಲ್ಯಾಟಿನ್ ಅಮೆರಿಕ ಮೂಲದವರಿಂದ ಬರುವ ಅತ್ಯಾಚಾರದ ದೂರುಗಳು ಹಿಂದಿನ ವರ್ಷಕ್ಕಿಂತ ಶೇ. 40ಕ್ಕೂ ಹೆಚ್ಚು ಕುಸಿದವು, ಉಳಿದವರಿಂದ ಬರುವವು ಏರಿದವು ಎಂದು ನಗರದ ಪೊಲೀಸ್ ಮುಖ್ಯಸ್ಥರೇ ಬಹಿರಂಗವಾಗಿ ಆತಂಕ ತೋಡಿಕೊಂಡರು. ದೂರು ಕೊಡಲು ಹೋದವಳನ್ನು ‘ನಿನ್ನ ಕಾಗದ ಎಲ್ಲಿ’ ಎಂದು ಕೇಳುತ್ತಾರೆಂಬ ಅಂಜಿಕೆ ಇರುವಲ್ಲಿ ಅತ್ಯಾಚಾರಿ ನಿಶ್ಚಿಂತನಾಗಿರುತ್ತಾನೆ, ಅವನ ಮುಂದಿನ ಬಲಿ ಯಾರೂ ಆಗಬಹುದು. ಹೊಸಬರಿಗೆ ಬೀಸಿದ ಏಟು ಹಳಬರಿಗೂ ತಗಲುತ್ತದೆ ಎಂಬ ಮಾತಿಗೆ ನಮ್ಮ ಬೆಂಗಳೂರೂ ಹೊರತಲ್ಲ. ‘ಅಕ್ರಮ ಬಾಂಗ್ಲಾದೇಶಿಗರು’ ಎಂಬ ಗುಲ್ಲಿನ ನಡುವೆ 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ಕೆಡವಲಾಯಿತು. ನೆಲೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು.

ಕಠಿಣವಾದ ಆಕ್ಷೇಪ ಯುರೋಪಿನಿಂದ ಬರುತ್ತದೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಸ್ವೀಡನ್ನಿನ ಅಪರಾಧ ತಡೆ ಮಂಡಳಿಯ 2021ರ ವರದಿಯಂತೆ, ಶಂಕಿತರ ಪಟ್ಟಿ ಸೇರುವ ಸಂಭವ ವಿದೇಶದಲ್ಲಿ ಹುಟ್ಟಿದವರಲ್ಲಿ ಸ್ವೀಡಿಷ್ ದಂಪತಿಗಳ ಮಕ್ಕಳಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಆದರೆ ಅದೇ ವರದಿಯಲ್ಲಿ, ವಲಸಿಗ ದಂಪತಿಗಳಿಗೆ ಸ್ವೀಡನ್ನಿನಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ವಯಸ್ಸು, ಆದಾಯಗಳಂಥ ಅಂಶಗಳನ್ನು ಸರಿದೂಗಿಸಿದರೆ ಅಂತರ ಗಣನೀಯವಾಗಿ ಕುಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ತಂದೆ ತಾಯಿ ಹೊತ್ತು ತಂದದ್ದೇ ಕಾರಣವಾಗಿದ್ದರೆ ಮಕ್ಕಳಲ್ಲಿ ಅದು ಮಂಕಾಗಬೇಕಿತ್ತು. ಈ ಮಕ್ಕಳು ಬೆಳೆದ ಬಡಾವಣೆ, ಓದಿದ ಶಾಲೆ, ಸಿಗದ ಉದ್ಯೋಗಗಳತ್ತ ನಮ್ಮ ನೋಟ ತಿರುಗಬೇಕು. ಶಾ ಮತ್ತು ಮೆಕೇ ಕೈತೋರಿದ್ದೂ ಅತ್ತಲೇ.

ಇನ್ನು, 2024ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ದಾಖಲೆಯಿಲ್ಲದ ವಲಸಿಗನೊಬ್ಬ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳನ್ನು ಕೊಂದ. ಅವನು ದೇಶದೊಳಗೆ ಇರದಿದ್ದರೆ ಅವಳು ಬದುಕಿರುತ್ತಿದ್ದಳು ಎಂಬ ಹೆತ್ತವರ ದುಃಖಕ್ಕೆ ಸರಾಸರಿಗಳು ಸಮಾಧಾನವಾಗಲಾರವು, ಆಗಬೇಕೆಂದು ಕೇಳುವುದೂ ಕ್ರೌರ್ಯ. ಅಂಥ ಕೊಲೆಗಾರನಿಗೆ ಕಠಿಣ ಶಿಕ್ಷೆಯಾಗಬೇಕು, ಗಡಿಯನ್ನು ಕಾಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ನನ್ನ ತಕರಾರು ಆ ಒಂದು ಸಾವನ್ನು ಮುಂದಿಟ್ಟು ಲಕ್ಷಾಂತರ ಸಾಕ್ಷಿಗಳ ಬಾಯಿ ಕಟ್ಟುವ ನೀತಿಯ ಬಗ್ಗೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಹತ್ತು ಕೊಲೆಗಳಲ್ಲಿ ನಾಲ್ಕಕ್ಕೂ ಹೆಚ್ಚು ಬಗೆಹರಿಯದೆ ಉಳಿದಿವೆ, ಮತ್ತು ಬಗೆಹರಿಯಲು ಬಹುಪಾಲು ಬೇಕಾಗುವುದು ಕಂಡದ್ದನ್ನು ಬಂದು ಹೇಳುವ ಮನುಷ್ಯ. ಗಡೀಪಾರಿನಿಂದ ನಗರ ಸುರಕ್ಷಿತವಾಯಿತೆಂದು ಸರ್ಕಾರ ಹೇಳಿದಾಗ, ವಿಮಾನ ಹತ್ತಿಸಿದವರ ಸಂಖ್ಯೆಯ ಜೊತೆಗೆ ಆ ಬಡಾವಣೆಗಳಿಂದ ಬಂದ ದೂರುಗಳು ಎಷ್ಟು, ಸಾಕ್ಷಿ ನುಡಿದವರು ಎಷ್ಟು, ಪತ್ತೆಯಾದ ಕೊಲೆಗಳು ಎಷ್ಟು ಎಂಬ ಲೆಕ್ಕವನ್ನೂ ಕೇಳಿ ಪಡೆಯಬೇಕು.